ಅಳುಕೋ ಗುಮಾನಿಯೋ

ಮಾರ್ಚ್ 2

ಅಕ್ಕಾ,

ನಾನು ಪತ್ರ ಬರೆದಿದ್ದೇನೆ ಅಂದರೆ ಏನೋ ಎಡವಟ್ಟಾಗಿದೆ ಎಂದು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಅಂದುಕೋ, ಬೇಡ ಅನ್ನುವುದಿಲ್ಲ. ಆದರೆ ನನ್ನ ಕೈಕಾಲು ನೆಟ್ಟಗಿವೆ. ಈಗ ನಿನ್ನಿಂದ ಬೇಕಾಗಿರುವುದು ಎರಡು ಇಂಗ್ಲಿಷ್ ಪದಗಳ ಅರ್ಥ ಅಷ್ಟೇ. ಇಪ್ಪತ್ತು ವರ್ಷದಿಂದ ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಹೇಳಿಕೊಡುವ ಅಕ್ಕ ಇರುವಾಗ ನಾನು ಡಿಕ್ಷನರಿ ಯಾಕೆ ಕೊಳ್ಳಲಿ?

ಒಂದು ‘ವೇರಿ’, ‘ವೆರಿ ಗುಡ್’ನ ವೆರಿ ಅಲ್ಲ. ಇನ್ನೊಂದು ‘ಸಸ್ಪಿಷಸ್’. ಎರಡೂ ನನ್ನ ಫೈಲಿನಲ್ಲಿವೆ, ಎರಡೂ ನನ್ನ ಬಗ್ಗೆಯೇ. ಒಬ್ಬನೇ ಮನುಷ್ಯನಿಗೆ ಹದಿನೈದು ದಿನದಲ್ಲಿ ಎರಡು ಹೆಸರು ಇಟ್ಟಿದ್ದಾರೆ.

ನಿನಗೆ ಗೊತ್ತಿಲ್ಲದ್ದು ಮೊದಲು ಹೇಳುತ್ತೇನೆ. ಜನವರಿ ಕೊನೆಯಲ್ಲಿ ನನ್ನ ಕ್ರೇನಿನಲ್ಲಿದ್ದ ಕಬ್ಬಿಣದ ಪೈಪುಗಳ ಕಟ್ಟು ಗೋದಾಮಿನ ಮೂಲೆಗೆ ತಾಗಿತು. ಕಟ್ಟು ಗಿರಕಿ ಹೊಡೆದು ಒಂದು ಪೈಪು ಜಾರಿ ಬಿತ್ತು. ಕೆಳಗಿದ್ದ ವೆಲ್ಡರನ ಪಾದದ ಮೂಳೆ ಮುರಿಯಿತು. ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆ. ಅವನೇ ನನಗೆ ಸಮಾಧಾನ ಹೇಳಿ ಕಳಿಸಿದ.

ಅದಾದ ಮೇಲೆ ನನಗೊಂದು ಚಾಳಿ ಹತ್ತಿಕೊಂಡಿತು. ನಮ್ಮಲ್ಲಿ ಹೇಗೆಂದರೆ, ಮೇಲೆ ಕ್ಯಾಬಿನ್ನಿನಲ್ಲಿ ಕೂತವನು ಕೆಳಗೆ ನಿಂತು ಸಿಗ್ನಲ್ ಕೊಡುವವರ ಕೈ ನೋಡಿ ಮಾತ್ರ ಕ್ರೇನು ಆಡಿಸಬೇಕು. ಸಿಗ್ನಲ್ ಅರ್ಥವಾಗದಿದ್ದರೆ ಒಂದು ಸಲ ಹಾರ್ನ್ ಒತ್ತಬೇಕು, ಆಗ ಅವರು ಮತ್ತೊಮ್ಮೆ ತೋರಿಸುತ್ತಾರೆ. ವರ್ಷಕ್ಕೆ ಎರಡು ಸಲ ಒತ್ತಿದರೆ ಹೆಚ್ಚು. ನಾನು ಪ್ರತಿ ಸಿಗ್ನಲ್‌ಗೂ ಒತ್ತತೊಡಗಿದೆ. ಅರ್ಥವಾದರೂ ಒತ್ತುತ್ತಿದ್ದೆ. ಯಾರ್ಡಿನಲ್ಲಿ ನನಗೆ ‘ಐಸ್‌ಕ್ರೀಮ್ ಗಾಡಿ’ ಎಂದು ಹೆಸರು ಬಿತ್ತು. ಕೆಲಸ ಅರ್ಧಕ್ಕರ್ಧ ನಿಧಾನವಾಯಿತು. ಕೊನೆಗೆ ಕೆಳಗಿಳಿಸಿದರು. ಈಗ ವೈರ್ ರೋಪುಗಳಿಗೆ ಗ್ರೀಸು ಬಳಿಯುತ್ತಿದ್ದೇನೆ.

ಡಾಕ್ಟರು ಮಾತಾಡಿಸಿ ಮೊದಲನೇ ಪದ ಬರೆದರು. ಆಮೇಲೆ ಸೇಫ್ಟಿ ಆಫೀಸರು ಮಾತಾಡಿಸಿ ಎರಡನೇ ಪದ ಬರೆದರು. ಆಫೀಸಿನ ಗುಮಾಸ್ತರು ಗುಟ್ಟಾಗಿ ಹೇಳಿದ್ದು ಇಷ್ಟು: ಮೊದಲನೆಯದಾದರೆ ಮತ್ತೆ ಕ್ಯಾಬಿನ್ನು, ಎರಡನೆಯದಾದರೆ ಇರುವಷ್ಟು ದಿನ ಸ್ಟೋರಿನಲ್ಲಿ ಬೋಲ್ಟು ವಿಂಗಡಿಸುವ ಕೆಲಸ. ಇಪ್ಪತ್ತನೇ ತಾರೀಖಿನೊಳಗೆ ನಾನೇ ಒಂದು ಹೇಳಿಕೆ ಬರೆದು ಕೊಡಬೇಕು. ನನಗೆ ಏನಾಗಿದೆ ಎಂದು ನಾನೇ ಬರೆಯಬೇಕಂತೆ. ಗೊತ್ತಿದ್ದರೆ ಹಾರ್ನ್ ಯಾಕೆ ಒತ್ತುತ್ತಿದ್ದೆ?

ಕ್ಯಾಬಿನ್ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ ಅಕ್ಕ. ಅದು ನಿನಗೂ ಗೊತ್ತು.

ಉತ್ತರವನ್ನು ಕ್ಯಾಂಟೀನಿನ ವಿಳಾಸಕ್ಕೆ ಹಾಕು. ಕೋಣೆಗೆ ಬಂದರೆ ನಿನ್ನ ಅಕ್ಷರ ನೋಡಿ ಭಾವನೇ ಮೊದಲು ಒಡೆಯುತ್ತಾರೆ. ಗಂಡ ಅನ್ನುವ ಹಕ್ಕು ಅವರದು, ಒಂದೇ ಯಾರ್ಡಿನಲ್ಲಿ ದುಡಿದು ಒಂದೇ ಕೋಣೆಯಲ್ಲಿರುವ ಕರ್ಮ ನನ್ನದು.

ನಿನ್ನ ತಮ್ಮ

*

ಮಾರ್ಚ್ 7

ಪ್ರೀತಿಯ ಗಡಿಬಿಡಿಗೆ,

ಚಡ್ಡಿ ತಿರುವುಮುರುವು ಹಾಕಿಕೊಂಡು ಶಾಲೆಗೆ ಓಡುತ್ತಿದ್ದ ನೀನು ಈಗ ಒಂದು ಸಿಗ್ನಲ್‌ಗೆ ಎರಡು ಸಲ ಕೇಳುತ್ತೀಯ ಎಂದು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೆಲ್ಡರನ ಕಾಲು ಈಗ ಹೇಗಿದೆ ಎಂದು ಬರಿ.

ಪದಗಳಿಗೆ ಬರುತ್ತೇನೆ. ನಿನಗೆ ತರಗತಿಯಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ, ಕೊನೆಯ ಬೆಂಚಿನಲ್ಲಿ ಕೂತು ಆಕಳಿಸಬೇಡ. ಮೆಟ್ಟಿಲಲ್ಲಿ ಒಮ್ಮೆ ಜಾರಿ ಬಿದ್ದವಳು ಮರುದಿನ ನೋಡಿ ನೋಡಿ ಕಾಲಿಡುತ್ತಾಳೆ. ಅವಳು ವೇರಿ. ನಮ್ಮ ಮಾತಿನಲ್ಲಿ ಅಳುಕು ಅನ್ನು. ಅದೇ ಹೆಂಗಸು ಮೆಟ್ಟಿಲಿಗೆ ಯಾರೋ ಎಣ್ಣೆ ಹಚ್ಚಿದ್ದಾರೆ ಎಂದು ಎದುರು ಮನೆಯ ಕಿಟಕಿಯನ್ನೇ ನೋಡುತ್ತಾ ನಿಂತರೆ ಅವಳು ಸಸ್ಪಿಷಸ್. ಅದು ಗುಮಾನಿ. ಎರಡರಲ್ಲೂ ಎದೆ ಡವಡವ ಅನ್ನುವುದು ಒಂದೇ ಥರ, ಅದಕ್ಕೇ ಜನ ಒಂದಕ್ಕೆ ಇನ್ನೊಂದು ಅನ್ನುತ್ತಾರೆ. ಆದರೆ ಅಳುಕಿಗೆ ಎದುರಿಗೆ ಯಾರೂ ಬೇಕಾಗಿಲ್ಲ. ಗುಮಾನಿಗೆ ಒಬ್ಬ ಮನುಷ್ಯ ಬೇಕು.

ಇನ್ನೂ ಒಂದು ಇದೆ. ಅಳುಕು ತಾನಾಗಿಯೇ ಕಡಿಮೆಯಾಗುತ್ತದೆ, ಹತ್ತು ದಿನ ಜಾರದಿದ್ದರೆ ಮರೆತುಹೋಗುತ್ತದೆ. ಗುಮಾನಿ ಹಾಗಲ್ಲ. ಏನೂ ಆಗದ ದಿನವೂ ಅದು ಬೆಳೆಯುತ್ತದೆ. ಡಾಕ್ಟರ ಪದಕ್ಕೆ ಕೆಲಸ ವಾಪಸು ಕೊಡುತ್ತಾರೆ, ಆಫೀಸರ ಪದಕ್ಕೆ ಕೊಡುವುದಿಲ್ಲ ಅನ್ನುವುದು ಅದಕ್ಕೇ ಇರಬೇಕು. ಕೆಳಗಿನವನನ್ನು ನಂಬದವನು ಮೇಲೆ ಕೂತರೆ ಇಬ್ಬರಿಗೂ ಅಪಾಯ.

ಹಾಗಾದರೆ ಹೇಳು, ನಿನ್ನ ಗುಮಾನಿಯ ಮನುಷ್ಯ ಯಾರು? ಎರಡು ಹಾಳೆ ಬರೆದಿದ್ದೀಯ, ಆ ದಿನ ಕೆಳಗೆ ನಿಂತು ಸಿಗ್ನಲ್ ಕೊಟ್ಟವರು ಯಾರು ಎಂದು ಮಾತ್ರ ಬರೆದಿಲ್ಲ. ನಿನ್ನ ಭಾವ ಹದಿನೈದು ದಿನಕ್ಕೊಮ್ಮೆ ಬರೆಯುತ್ತಾರೆ, ಅದರಲ್ಲಿ ಕೋಣೆಯ ನಲ್ಲಿ ಸೋರುವುದೂ ಇರುತ್ತದೆ, ನಿನ್ನ ಗೊರಕೆಯೂ ಇರುತ್ತದೆ. ಪೈಪು ಬಿದ್ದ ಸುದ್ದಿ ಎಲ್ಲೂ ಇಲ್ಲ. ಆ ದಿನ ಅವರು ರಜೆಯಲ್ಲಿದ್ದರೇ?

ಕ್ಯಾಂಟೀನಿನ ವಿಳಾಸಕ್ಕೇ ಹಾಕಿದ್ದೇನೆ. ನನಗದು ಸರಿ ಕಾಣಲಿಲ್ಲ.

ಅಕ್ಕ

*

ಮಾರ್ಚ್ 12

ಅಕ್ಕಾ,

ಸಿಗ್ನಲ್ ಕೊಟ್ಟವರು ಭಾವ.

ಮೊದಲೇ ಬರೆಯಬಹುದಿತ್ತು. ಮೂರು ಸಲ ಬರೆದು ಹರಿದೆ. ಗಂಡನ ಬಗ್ಗೆ ಹೆಂಡತಿಗೆ ಚಾಡಿ ಹೇಳಿದ ಹಾಗೆ ಕಾಣಿಸಿತು. ಅದೂ ಯಾರ ಬಗ್ಗೆ? ನನ್ನ ಕೈಗೆ ಕೆಲಸ ಕೊಡಿಸಿದವರ ಬಗ್ಗೆ. ಸೇರಿದ ಮೊದಲ ವಾರ ಅವರು ಹೇಳಿದ್ದು ಒಂದೇ ಮಾತು: “ಭಾರ ನೋಡ್ಬೇಡ ಮಾರಾಯ, ನನ್ನ ಕೈ ನೋಡು. ಭಾರ ನೋಡೋ ಕೆಲ್ಸ ನಂದು.” ಹನ್ನೊಂದು ವರ್ಷ ನಾನು ಭಾರ ನೋಡಿಲ್ಲ. ಬಿಳಿ ಕೈಗವಸಿನ ಎರಡು ಕೈ ನೋಡಿಕೊಂಡೇ ಬದುಕಿದ್ದೇನೆ.

ಆ ದಿನ ಕಣ್ಣಂಚಿನಲ್ಲಿ ಪೈಪಿನ ಕಟ್ಟು ಕಾಣಿಸಿತು. ಗೋಡೆಗೆ ಹತ್ತಿರವಾಯಿತೇನೋ ಅನ್ನಿಸಿತು. ಕೈ ನೋಡಿದೆ. ಕೈ ‘ಬಾ, ಇನ್ನೂ ಬಾ’ ಅನ್ನುತ್ತಿತ್ತು. ನಿಧಾನವಾಗಿ, ಎಂದಿನ ಹಾಗೆ. ನಾನು ಬಂದೆ. ಅಷ್ಟೇ ನಡೆದದ್ದು. ಈಗ ಕೂತು ಯೋಚಿಸಿದರೆ ಯಾವುದೂ ನಿಜ ಅನ್ನಿಸುವುದಿಲ್ಲ. ಕಟ್ಟು ಹತ್ತಿರವಿದ್ದದ್ದನ್ನು ನಾನು ನಿಜವಾಗಿ ನೋಡಿದೆನೋ ಅಥವಾ ಬಿದ್ದ ಮೇಲೆ ನೋಡಿದ ಹಾಗೆ ನೆನಪು ಮಾಡಿಕೊಂಡೆನೋ? ಕೈ ‘ಬಾ’ ಅಂದಿತೋ ‘ನಿಲ್ಲು’ ಅಂದಿತೋ? ಒಂದು ದಿನ ಬಾ ಅನ್ನಿಸುತ್ತದೆ, ಇನ್ನೊಂದು ದಿನ ನಿಲ್ಲು ಅನ್ನಿಸುತ್ತದೆ. ವಿಚಾರಣೆಯಲ್ಲಿ ಭಾವ “ನಾನು ಸರಿಯಾಗೇ ತೋರ್ಸಿದ್ದೆ” ಅಂದರು. ನಾನು “ಹೌದು” ಅಂದೆ. ಬೇರೆ ಏನು ಹೇಳಲಿ?

ಈಗ ಕೆಟ್ಟದ್ದೊಂದು ಬರೆಯುತ್ತೇನೆ. ಓದಿ ಹರಿದುಬಿಡು. ಭಾವ ಮೊದಲಿನ ಹಾಗಿಲ್ಲ. ಚಹಾ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಸುರಿಯುತ್ತದೆ. ಕೋಣೆಯ ಬೀಗಕ್ಕೆ ಕೀಲಿಕೈ ಮೂರನೇ ಸಲಕ್ಕೆ ಹೋಗುತ್ತದೆ. ಮೆಟ್ಟಿಲು ಇಳಿಯುವಾಗ ಗೋಡೆ ಸವರಿಕೊಂಡು ಇಳಿಯುತ್ತಾರೆ, ಯಾರಾದರೂ ಎದುರು ಬಂದರೆ ಕೈ ತೆಗೆದು ಜೇಬಿಗೆ ಹಾಕುತ್ತಾರೆ. ಅಕ್ಕ, ಅವರು ಕುಡಿಯುತ್ತಿದ್ದಾರಾ? ಭಾನುವಾರ ಮಧ್ಯಾಹ್ನ ಅವರು ಸ್ನಾನಕ್ಕೆ ಹೋದಾಗ ಮಂಚದ ಕೆಳಗೆ ಬಾಟಲಿ ಹುಡುಕಿದೆ. ಸಿಕ್ಕಿದ್ದು ಒಂದು ರಟ್ಟು. ನಾನು ಹೊಸಬನಾಗಿದ್ದಾಗ ನನಗೆ ಕಲಿಸಲು ಅವರೇ ಪೆನ್ಸಿಲಿನಲ್ಲಿ ಬರೆದ, ಸಿಗ್ನಲ್ ಕೊಡುವ ಹದಿನಾಲ್ಕು ಕೈಗಳ ಚಿತ್ರ. ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ, ಆಮೇಲೆ ನಾಚಿಕೆಯಾಗಿ ಇದ್ದಲ್ಲೇ ಇಟ್ಟೆ.

ನೀನು ಹೇಳಿದ ಲೆಕ್ಕದಲ್ಲಿ ನಾನು ಎದುರು ಮನೆಯ ಕಿಟಕಿ ನೋಡುತ್ತಾ ನಿಂತವನು. ಆಫೀಸರು ಬರೆದದ್ದೇ ಸರಿ ಇರಬೇಕು. ಹಾಗಂತ ನಾನೇ ಬರೆದುಕೊಟ್ಟರೆ ನನ್ನ ಕ್ಯಾಬಿನ್ನು ಹೋಗುತ್ತದೆ, ಅವರ ಮಾನವೂ ಹೋಗುತ್ತದೆ. ಬರೆಯದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. ನನ್ನ ತಲೆಯೊಳಗೆ ಏನಿದೆ ಎಂದು ನನಗೇ ಹೊಳೆಯುತ್ತಿಲ್ಲ. ನಿನಗೆ ಇಬ್ಬರೂ ಗೊತ್ತು. ನೀನೇ ಹೇಳು, ನನಗಿರುವುದು ಯಾವುದು?

ಇಪ್ಪತ್ತನೇ ತಾರೀಖು ಮರೆಯಬೇಡ.

ವೆಲ್ಡರ್ ಈಗ ಊರುಗೋಲು ಹಿಡಿದು ನಡೆಯುತ್ತಿದ್ದಾನೆ.

ನಿನ್ನ ತಮ್ಮ

*

ಮಾರ್ಚ್ 16

ತಮ್ಮನಿಗೆ,

ನಿನ್ನ ಭಾವ ಕುಡಿಯುವುದಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಯಿತು, ಇದನ್ನು ನಾನು ಆಣೆ ಇಟ್ಟು ಹೇಳಬಲ್ಲೆ. ವಯಸ್ಸಾದ ಮನುಷ್ಯ, ಚಹಾ ಚೆಲ್ಲಿದರೆ ಅದನ್ನೂ ಬರೆದಿಡಬೇಕೇ?

ನಿನಗಿರುವುದು ಅಳುಕು. ಡಾಕ್ಟರ ಪದವೇ ಸರಿ. ಕಣ್ಣೆದುರು ಒಬ್ಬನ ಕಾಲು ಮುರಿದರೆ ಯಾರಿಗಾದರೂ ಹಾಗಾಗುತ್ತದೆ. ಅಳುಕು ಹೆಚ್ಚಾದಾಗ ಮನಸ್ಸು ತಾನಾಗಿಯೇ ಒಬ್ಬ ಮನುಷ್ಯನನ್ನು ಹುಡುಕಿ ತಂದು ನಿಲ್ಲಿಸುತ್ತದೆ. ನಿನ್ನ ಪಕ್ಕದಲ್ಲಿ ಇದ್ದವರು ಅವರು, ಆದ್ದರಿಂದ ಅವರು ಸಿಕ್ಕಿದರು. ಕಣ್ಣಂಚಿನಲ್ಲಿ ಕಂಡದ್ದು ಎಂದು ನೀನೇ ಬರೆದಿದ್ದೀಯ. ಕಣ್ಣಂಚಿನಲ್ಲಿ ಕಂಡದ್ದನ್ನು ನೆಚ್ಚಿಕೊಂಡು ಹನ್ನೊಂದು ವರ್ಷದ ಕೈಯನ್ನು ಬಿಡುತ್ತೀಯಾ?

ಹೇಳಿಕೆ ಹೀಗೆ ಬರಿ: ಅವಘಡದ ನಂತರ ನನಗೆ ಹೆದರಿಕೆಯಾಗಿತ್ತು, ಆದ್ದರಿಂದ ಹೆಚ್ಚು ಎಚ್ಚರ ವಹಿಸಿದೆ, ಸಹೋದ್ಯೋಗಿಯ ಮೇಲೆ ನನಗೆ ಪೂರ್ಣ ನಂಬಿಕೆ ಇದೆ. ಮೂರು ಸಾಲು ಸಾಕು. ಹೆಚ್ಚು ಬರೆದರೆ ಹೆಚ್ಚು ಕೇಳುತ್ತಾರೆ.

ಮತ್ತೆ ಮೇಲೆ ಹತ್ತಿದಾಗ ಅವರು ಕಲಿಸಿದ ಹಾಗೆಯೇ ಮಾಡು. ಭಾರ ನೋಡಬೇಡ, ಕೈ ನೋಡು.

ಅವರ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿದೆ. ಆಮೇಲೆ ಇಲ್ಲಿಗೆ ಬಂದು ನನ್ನ ಜೊತೆ ಇರುತ್ತಾರೆ. ಅಷ್ಟು ದಿನ ನೀವಿಬ್ಬರೂ ಚೆನ್ನಾಗಿದ್ದರೆ ನನಗೆ ಬೇರೇನೂ ಬೇಡ. ಪರೀಕ್ಷೆಯ ಕಾಗದಗಳು ರಾಶಿ ಬಿದ್ದಿವೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಅಕ್ಕ

*

ಮಾರ್ಚ್ 21

ಅಕ್ಕಾ,

ನಿನ್ನ ಪತ್ರ ಹತ್ತೊಂಬತ್ತಕ್ಕೇ ಕೈಸೇರಿತು. ನೀನು ಹೇಳಿದ ಮೂರು ಸಾಲನ್ನು ದುಂಡಗೆ ಬರೆದು ಕೊಟ್ಟೆ. ವಿಚಾರಣಾ ಸಮಿತಿಯವರು ಓದಿ ತಲೆಯಾಡಿಸಿದರು. ಸೇಫ್ಟಿ ಆಫೀಸರು ಮಾತ್ರ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿ, “ಇದು ನಿನ್ನ ಮಾತೇನಪ್ಪಾ?” ಅಂದರು. ಹೌದು ಅಂದೆ. ಇಪ್ಪತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಮತ್ತೆ ಕ್ಯಾಬಿನ್ ಹತ್ತುತ್ತೇನೆ.

ಈ ಸಲದ ಪತ್ರದಲ್ಲಿ ನೀನು ಗಡಿಬಿಡಿ ಅಂತ ಕರೆದಿಲ್ಲ. ಕೋಪ ಬಂದಿದೆಯಾ? ಬರಬೇಕಾದ್ದೇ. ನಾನು ಮಾಡಿದ್ದು ಸಣ್ಣ ತಪ್ಪೇನಲ್ಲ. ಬಾಟಲಿ ಹುಡುಕಿದ್ದನ್ನು ಬರೆಯಬಾರದಿತ್ತು ಅಂತಲ್ಲ, ಹುಡುಕಲೇಬಾರದಿತ್ತು.

ಅದಕ್ಕೇ ನಿನ್ನೆ ಸಂಜೆ ಭಾವನ ಹತ್ತಿರ ಎಲ್ಲ ಹೇಳಿಬಿಟ್ಟೆ. ಅವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. “ನಿಮ್ಮ ಮೇಲೆ ಗುಮಾನಿ ಪಟ್ಟಿದ್ದೆ, ಕ್ಷಮಿಸ್ಬೇಕು” ಅಂದೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಬಚ್ಚಲಿಗೆ ಹೋಗಿ, ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ಹೊರಗೆ ಬಂದು, “ಇಪ್ಪತ್ತೊಂಬತ್ತಕ್ಕೆ ಬೇರೆಯವರು ನಿಲ್ಲಲಿ ಕಣೋ, ನಾನು ರಜೆ ಹಾಕ್ತೀನಿ” ಅಂದರು.

ನನ್ನ ಮಾತು ಅವರಿಗೆ ಎಷ್ಟು ನೋವು ಕೊಟ್ಟಿರಬೇಕು ನೋಡು. ನಾನು ಬಿಡಲಿಲ್ಲ. “ನೀವೇ ನಿಲ್ಬೇಕು, ನೀವು ನಿಲ್ಲದಿದ್ರೆ ನಾನು ಹತ್ತೋದೇ ಇಲ್ಲ” ಎಂದು ಹಟ ಹಿಡಿದೆ. ಕಾಲು ಮುಟ್ಟಲು ಹೋದೆ, ಹಿಂದೆ ಸರಿದರು. ಕೊನೆಗೆ ಒಪ್ಪಿದ್ದಾರೆ. ಯಾರ್ಡಿನ ಎಲ್ಲರ ಎದುರಿಗೆ ನಾನು ಅವರ ಕೈ ನಂಬುತ್ತೇನೆ ಎಂದು ತೋರಿಸಬೇಕು. ಹಾರ್ನ್ ಮುಟ್ಟುವುದೂ ಇಲ್ಲ.

ಆ ದಿನ ಎತ್ತುವುದು ನೀರಿನ ದೊಡ್ಡ ತೊಟ್ಟಿ. ಕೆಲಸದವರ ಶೆಡ್ಡಿನ ಪಕ್ಕದಿಂದ ತಿರುಗಿಸಿ ಹೊಸ ಕಟ್ಟಡದ ಮೇಲೆ ಇಳಿಸಬೇಕು. ಜಾಗ ಇಕ್ಕಟ್ಟು, ಆದರೆ ಅವರ ಕೈ ಇರುವಾಗ ಅದೇನು ದೊಡ್ಡದಲ್ಲ.

ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಎಲ್ಲ ನಿನ್ನಿಂದ.

ನಿನ್ನ ಗಡಿಬಿಡಿ

*

ಮಾರ್ಚ್ 25

ಗಡಿಬಿಡೀ,

ಇದನ್ನು ಪೂರ್ತಿ ಓದು. ಓದದೆ ಕ್ಯಾಬಿನ್ ಹತ್ತಬೇಡ.

ನಿನ್ನ ಭಾವನ ಎಡಗಣ್ಣು ಕಾಣುವುದಿಲ್ಲ. ಹೋದ ವರ್ಷ ರಜೆಗೆ ಬಂದಾಗ ಇಲ್ಲಿಯ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಕಣ್ಣಿನ ನರ ಒಣಗಿದೆ, ಇನ್ನು ಅದಕ್ಕೆ ಮದ್ದಿಲ್ಲ ಅಂದರು. ಒಂದೇ ಕಣ್ಣಿನಲ್ಲಿ ವಸ್ತು ಕಾಣುತ್ತದೆ, ಅದು ಎಷ್ಟು ಹತ್ತಿರ ಎಷ್ಟು ದೂರ ಎಂಬ ಅಂದಾಜು ತಪ್ಪುತ್ತದೆ, ಸಿಗ್ನಲ್ ಕೊಡುವ ಕೆಲಸ ನಿಲ್ಲಿಸಲೇಬೇಕು ಎಂದು ಯಾರ್ಡಿನವರಿಗೆ ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಯಾರ್ಡಿಗೆ ಹೋಗಲಿಲ್ಲ. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇದೆ.

ಅವರು ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, “ಇಪ್ಪತ್ತೆಂಟು ವರ್ಷ ಇದೇ ಕೈಯಿಂದ ಬದುಕಿದೀನಿ ಕಣೇ, ಕುರುಡ ಅಂತ ಅಲ್ಲಿಂದ ಕಳಿಸ್ಬೇಡ. ರಿಟೈರ್ ಆಗೋವರೆಗೆ ಸುಮ್ನಿರು” ಅಂದರು. ನಾನು ಸುಮ್ಮನಿದ್ದೆ. ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನೀನು ಚಹಾದ ಬಗ್ಗೆ, ಬೀಗದ ಬಗ್ಗೆ ಬರೆದಾಗ ನನಗೆ ಎಲ್ಲ ಗೊತ್ತಾಯಿತು. ಪೈಪು ಯಾಕೆ ತಾಗಿತು ಎಂಬುದೂ ಗೊತ್ತಾಯಿತು. ಗೊತ್ತಿದ್ದೂ ನಿನಗಿರುವುದು ಅಳುಕು ಎಂದು ಬರೆದೆ. ಅದು ಸುಳ್ಳು. ಸರಿಯಾದ ಪದ ಎರಡನೆಯದು. ನೀನು ಅವರನ್ನು ಕುಡುಕ ಅಂದುಕೊಂಡದ್ದು ತಪ್ಪು, ಆದರೆ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡದ್ದು ಸರಿ. ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು. ನಿನ್ನ ಕಣ್ಣನ್ನು ನೀನೇ ನಂಬದ ಹಾಗೆ ಮಾಡಿದವಳು ನಾನು.

ಈ ದಿನ ನಿನ್ನ ಪತ್ರ ಬಂದ ಕೂಡಲೇ ಹೆಡ್ ಮಿಸ್ಸಿನ ಕೋಣೆಗೆ ಹೋಗಿ ಯಾರ್ಡಿಗೆ ಫೋನ್ ಮಾಡಿದೆ. ತಮ್ಮನನ್ನು ಕರೆಯಿರಿ ಎಂದೆ. ಗುಮಾಸ್ತರು ನನ್ನ ದನಿ ಗುರುತು ಹಿಡಿದು, “ಇರಿ ಅಮ್ಮಾ, ಯಜಮಾನ್ರು ಇಲ್ಲೇ ಇದಾರೆ” ಎಂದು ಅವರನ್ನೇ ಕರೆದರು. ನಾನು ಹೇಳಿದ್ದೆಲ್ಲ ಕೇಳಿ, “ನಾನೇ ಅವನಿಗೆ ಹೇಳ್ತೀನಿ, ನೀನು ತಲೆ ಕೆಡಿಸ್ಕೋಬೇಡ” ಅಂದರು. ಫೋನ್ ಇಟ್ಟ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಕೂತೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಇವರು ಹೇಳುವುದಿಲ್ಲವೇನೋ ಅನ್ನಿಸಿತು. ಇದಕ್ಕೆ ಯಾವ ಪದ ಎಂದು ನನ್ನನ್ನು ಕೇಳಬೇಡ. ಮಕ್ಕಳಿಗೆ ಹೇಳಿಕೊಡುವಾಗ ಎಷ್ಟು ಸುಲಭವಾಗಿತ್ತು.

ಸೇಫ್ಟಿ ಆಫೀಸರನ್ನು ಕರೆಯಿರಿ ಎಂದು ಹೇಳಬಹುದಿತ್ತು. ಬಾಯಿಯವರೆಗೆ ಬಂತು. ಆಗಲಿಲ್ಲ. ಆದ್ದರಿಂದ ಈ ಪತ್ರ. ಅಂಚೆ ಕಚೇರಿಗೆ ನಾನೇ ಹೋಗಿ ತುರ್ತು ಅಂಚೆಯಲ್ಲಿ ಹಾಕುತ್ತೇನೆ. ಇಪ್ಪತ್ತೆಂಟಕ್ಕೆ ತಲುಪುತ್ತದೆ ಅನ್ನುತ್ತಾರೆ.

ಮೇಲೆ ಹತ್ತಬೇಡ. ಹತ್ತಿದರೂ ಅವರ ಕೈ ನೋಡಬೇಡ.

ಅಕ್ಕ

*

ಮಾರ್ಚ್ 30

ಅಕ್ಕನಿಗೆ,

ನಿನ್ನ ಪತ್ರ ಇಪ್ಪತ್ತೊಂಬತ್ತರ ಮಧ್ಯಾಹ್ನ ಬಂತು. ಕ್ಯಾಂಟೀನಿನವನು ಊಟದ ತಟ್ಟೆಯ ಜೊತೆಗೇ ತಂದುಕೊಟ್ಟ. ಅಷ್ಟು ಹೊತ್ತಿಗೆ ಆಗುವುದೆಲ್ಲ ಆಗಿತ್ತು. ಯಾರಿಗೂ ಏನೂ ಆಗಿಲ್ಲ. ಅದನ್ನು ಮೊದಲು ಬರೆಯುತ್ತಿದ್ದೇನೆ, ನೀನು ಉಸಿರು ಬಿಗಿಹಿಡಿದು ಓದಬೇಡ.

ಭಾವ ನನಗೆ ಏನೂ ಹೇಳಿರಲಿಲ್ಲ. ಬೆಳಿಗ್ಗೆ ಕೈಗವಸು ಒಗೆದು ಒಣಗಿಸಿದ್ದು ಹಾಕಿಕೊಂಡರು. ಮೆಟ್ಟಿಲಿನ ಹತ್ತಿರ ನನ್ನ ಭುಜ ಹಿಡಿದು ಏನೋ ಹೇಳಲು ಬಾಯಿ ತೆರೆದರು. ನಾನು ನಗುತ್ತಾ, “ಗೊತ್ತು ಭಾವ, ಭಾರ ನೋಡಲ್ಲ” ಅಂದೆ. ಅವರು ಕೈ ಬಿಟ್ಟರು. ಹೇಳುವವರಿದ್ದರೋ ಏನೋ, ನಾನೇ ಬಾಯಿ ಮುಚ್ಚಿಸಿದೆ.

ತೊಟ್ಟಿ ಎದ್ದಿತು. ಕೈ ‘ಎತ್ತು’ ಅಂದಾಗ ಎತ್ತಿದೆ, ‘ಎಡಕ್ಕೆ’ ಅಂದಾಗ ಎಡಕ್ಕೆ ತಿರುಗಿಸಿದೆ. ಹಾರ್ನಿನ ಮೇಲೆ ಬೆರಳೂ ಇಡಲಿಲ್ಲ. ಕೈಗಳು ಗಟ್ಟಿಯಾಗಿದ್ದವು ಅಕ್ಕ, ಚೂರೂ ನಡುಕವಿಲ್ಲ. ಶೆಡ್ಡಿನ ಹತ್ತಿರ ಬಂದಾಗ ‘ಬಾ, ಇನ್ನೂ ಬಾ’ ಶುರುವಾಯಿತು. ಯಾಕೋ ಗೊತ್ತಿಲ್ಲ, ನಾನು ಅವರ ಕೈ ನೋಡುವುದು ಬಿಟ್ಟು ಮುಖ ನೋಡಿದೆ. ಹನ್ನೊಂದು ವರ್ಷದಲ್ಲಿ ಕೆಲಸದ ನಡುವೆ ಅವರ ಮುಖ ನೋಡಿದ್ದೇ ಇಲ್ಲ. ಅವರು ಕೋಳಿಯ ಹಾಗೆ ಕತ್ತು ಓರೆ ಮಾಡಿಕೊಂಡು ತೊಟ್ಟಿ ನೋಡುತ್ತಿದ್ದರು. ಒಂದು ಸಲ ಈ ಕಡೆ, ಮತ್ತೆ ಇನ್ನೂ ಓರೆ. ಹುಡುಕುತ್ತಿದ್ದರು. ಮುಖದ ತುಂಬ ಬೆವರು. ಕೈ ಮಾತ್ರ ‘ಬಾ’ ಅನ್ನುತ್ತಲೇ ಇತ್ತು.

ನಾನು ಬ್ರೇಕ್ ಹಾಕಿದೆ. ಆಮೇಲೆ ಭಾರ ನೋಡಿದೆ. ತೊಟ್ಟಿಗೂ ಶೆಡ್ಡಿನ ಕಂಬಕ್ಕೂ ನಡುವೆ ಒಂದು ಮೊಳವೂ ಇರಲಿಲ್ಲ. ಶೆಡ್ಡಿನಲ್ಲಿ ಒಂಬತ್ತು ಜನ ಇದ್ದರು. ಅವರನ್ನು ಹೊರಗೆ ಕಳಿಸಬೇಕಾಗಿದ್ದವರು ಜಾಗ ಸಾಕಷ್ಟಿದೆ ಎಂದು ಕಳಿಸಿರಲಿಲ್ಲ. ಜಾಗ ಸಾಕಷ್ಟಿದೆ ಎಂದು ಹೇಳಿದವರು ಭಾವ.

ಕೈ ಮತ್ತೆ ‘ಬಾ’ ಅಂದಿತು. ನಾನು ಅಲ್ಲಾಡಲಿಲ್ಲ. ಇನ್ನೊಮ್ಮೆ ಅಂದಿತು. ಇಡೀ ಯಾರ್ಡು ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ಆಗ ಅವರು ಕೈ ಇಳಿಸಿದರು. ಒಂದೊಂದೇ ಬೆರಳು ಬಿಡಿಸಿ ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡು ಆಫೀಸಿನ ಕಡೆ ನಡೆದರು. ಬಾಗಿಲಿನ ಹತ್ತಿರ ಮೆಟ್ಟಿಲು ಎಡವಿದರು. ಈ ಸಲ ಯಾರು ನೋಡಿದರೂ ಗೋಡೆಯಿಂದ ಕೈ ತೆಗೆಯಲಿಲ್ಲ.

ಆಫೀಸಿನಲ್ಲಿ ಎಲ್ಲವನ್ನೂ ಅವರೇ ಹೇಳಿದ್ದಾರೆ. ಪೈಪಿನ ದಿನದ್ದೂ ಹೇಳಿದ್ದಾರೆ. ಇನ್ನು ಕೆಲಸಕ್ಕೆ ಬರುವುದು ಬೇಡ, ಉಳಿದದ್ದು ಆಮೇಲೆ ತೀರ್ಮಾನ ಎಂದು ಸಮಿತಿಯವರು ಅಂದಿದ್ದಾರೆ. ಸೇಫ್ಟಿ ಆಫೀಸರು ನನ್ನನ್ನು ಕರೆದು ಇನ್ನು ಮುಂದೆಯೂ ಕ್ಯಾಬಿನ್ನಿನಲ್ಲೇ ಇರು ಅಂದರು. ನನ್ನ ಮೂರು ಸಾಲಿನ ಹೇಳಿಕೆಯನ್ನು ಮೇಜಿನ ಮೇಲೆ ಇಟ್ಟು, “ಇದು ನಿನ್ನ ಮಾತಲ್ಲ ಅಂತ ನಂಗೆ ಗೊತ್ತಿತ್ತು” ಅಂದರು. ಯಾರ ಮಾತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿರಲಿಲ್ಲ.

ಆಮೇಲೆ ನಿನ್ನ ಪತ್ರ ಓದಿದೆ.

ಭಾವನ ಮೇಲೆ ಕೋಪ ಬರಲಿಲ್ಲ. ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಅವರಿಗೆ ಕಾಣುತ್ತಿರಲಿಲ್ಲ. ನಿನಗೆ ಕಾಣುತ್ತಿತ್ತು. ನಾನು ತಲೆ ಕೆಟ್ಟು ಕೇಳಿದಾಗ, ನನ್ನ ಕಣ್ಣೇ ಸುಳ್ಳು ಎಂದು ನೀನು ಬರೆದೆ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂಬತ್ತು ಜನರ ಪಕ್ಕದಿಂದ ತೊಟ್ಟಿ ತಿರುಗಿಸಿದೆ. ಇಪ್ಪತ್ತೈದರ ಪತ್ರ ನೀನು ಬರೆದೆ, ಅದನ್ನೂ ಮರೆತಿಲ್ಲ. ಬರೆಯದೇ ಇದ್ದಿದ್ದರೆ ನಿನಗೆ ಮೊದಲೇ ಗೊತ್ತಿತ್ತು ಅನ್ನುವುದು ನನಗೆ ತಿಳಿಯುತ್ತಲೇ ಇರಲಿಲ್ಲ. ಅದಕ್ಕೆ ಋಣಿಯಾಗಿರಬೇಕೋ ಬೇಡವೋ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ, ಗೊತ್ತಾಗುತ್ತಿಲ್ಲ. ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಬರೆದ ಕಡೆಯೆಲ್ಲ ನಿಂತೆ.

ಭಾವ ಶುಕ್ರವಾರದ ಬಸ್ಸಿಗೆ ಬರುತ್ತಿದ್ದಾರೆ. ನಾನೇ ಹತ್ತಿಸುತ್ತೇನೆ. ಕಿಟಕಿ ಪಕ್ಕದ ಸೀಟು ಹಿಡಿದಿದ್ದೇನೆ. ಅವರು ಇಳಿಯುವಾಗ ನೀನು ಅವರ ಬಲಗಡೆಗೆ ನಿಲ್ಲು, ಎಡಗಡೆ ನಿಂತರೆ ಕಾಣುವುದಿಲ್ಲ. ಬಸ್ಸಿನ ಕೊನೆಯ ಮೆಟ್ಟಿಲು ಎತ್ತರ ಇರುತ್ತದೆ, ಕೈ ಕೊಡು. ಕೈ ಕೊಟ್ಟದ್ದು ಬೇರೆಯವರಿಗೆ ಗೊತ್ತಾಗದ ಹಾಗೆ ಕೊಡು. ರಾತ್ರಿ ಊಟ ಸರಿಯಾಗಿ ಮಾಡುತ್ತಿಲ್ಲ, ನೀನೇ ಎದುರಿಗೆ ಕೂತು ಬಡಿಸು.

ನಾನು ರಜೆಗೆ ಬರುವುದಿಲ್ಲ. ಕರೆಯಬೇಡ. ಕರೆದರೆ ಬಂದುಬಿಡುತ್ತೇನೆ, ಬಂದರೆ ನೀನು ಹೇಳಿದ್ದನ್ನೆಲ್ಲ ನಂಬಿಬಿಡುತ್ತೇನೆ.

ತಮ್ಮ